ನೋಟಕ್ಕೂ ಯತ್ನಾಚಾರ ಬೇಕೆ?

ನೋಡುವುದರಲ್ಲಿ ಹಿಂಸೆಯುಂಟೆ? ಪ್ರಶ್ನೆ ವಿಚಿತ್ರವೆನಿಸಬಹುದು. ಬೇಟೆಗಾರನ ಕೈಯಲ್ಲಿ ಕೋವಿಯಿರುತ್ತದೆ. ಹಕ್ಕಿಯ ಚಿತ್ರ ತೆಗೆಯುವವನ ಕೈಯಲ್ಲಿ ಕ್ಯಾಮೆರಾ ಮಾತ್ರ. ಕೋವಿಯನ್ನು ಬಿಟ್ಟು ಕ್ಯಾಮೆರಾ ಹಿಡಿದವನನ್ನು ಶ್ರಾವಕನಾದವನು ಮೆಚ್ಚಲೇಬೇಕು. ಆದರೆ ವಿಚಾರ ಅಲ್ಲಿಗೇ ಮುಗಿಯುವುದಿಲ್ಲ.

ಚನ್ನಪಟ್ಟಣವನ್ನು ದಾಟಿ ಮೈಸೂರಿನ ಕಡೆಗೆ ಸಾಗುವಾಗ ರುದ್ರಾಕ್ಷಿಪುರದಲ್ಲಿ ಕವಲೊಡೆಯುವ ರಸ್ತೆಯು ಸುಮಾರು 12 ಕಿ.ಮೀ. ಒಳಗಿರುವ ಕೊಕ್ಕರೆ ಬೆಳ್ಳೂರಿಗೆ ಒಯ್ಯುತ್ತದೆ. ಮದ್ದೂರು ತಾಲ್ಲೂಕಿನ ಈ ಗ್ರಾಮಕ್ಕೆ ಹೆಜ್ಜಾರ್ಲೆಗಳೂ ಬಣ್ಣದ ಕೊಕ್ಕರೆಗಳೂ ವರ್ಷವರ್ಷವೂ ಬಂದು, ಬೇಸಿಗೆಯವರೆಗೆ ಗೂಡು ಕಟ್ಟಿ ಮರಿ ಮಾಡುತ್ತವೆ. ಅವು ಆರಿಸಿಕೊಂಡಿರುವುದು ಕಾಡನ್ನಲ್ಲ, ಮನೆಯಂಗಳದ ಹುಣಸೆ, ಆಲ, ಅರಳಿ ಮರಗಳನ್ನು. ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಊರವರು ಅವುಗಳನ್ನು ಭಾವಿಸುತ್ತಾರೆ. ಹುಣಸೆ ಕೊಯ್ಲಿನ ಕಾಲವೂ ಗೂಡಿನ ಕಾಲವೂ ಒಂದೇ ಆದುದರಿಂದ ಮರದ ಒಡೆಯನು ಫಲದ ಆಸೆಯನ್ನು ಬಿಡಬೇಕಾಗುತ್ತದೆ. ಅಂಗಳದ ಹಿಕ್ಕೆಯನ್ನೂ ಮೀನಿನ ವಾಸನೆಯನ್ನೂ ಸಹಿಸಬೇಕಾಗುತ್ತದೆ. ಆ ಹಿಕ್ಕೆ ಹೊಲಕ್ಕೆ ಗೊಬ್ಬರವಾಗುವುದೂ ನಿಜ. 2007ರಲ್ಲಿ ಸರ್ಕಾರವು ಇದನ್ನು ಸಮುದಾಯ ಮೀಸಲು ಪ್ರದೇಶವೆಂದು ಘೋಷಿಸಿತು. ಊರವರ ಕಾಪು ಅದಕ್ಕಿಂತ ಬಹಳ ಹಳೆಯದು.

ಇಲ್ಲಿಗೆ ಬರುವ ಛಾಯಾಗ್ರಾಹಕನು ಒಂದು ವಾದವನ್ನು ಮುಂದಿಡಬಹುದು. ಈ ಹಕ್ಕಿಗಳು ಎತ್ತಿನ ಗಾಡಿಗೂ ಮಕ್ಕಳ ಕೂಗಿಗೂ ಬೆದರುವುದಿಲ್ಲ, ನಾನು ನಾಲ್ಕು ಹೆಜ್ಜೆ ಹತ್ತಿರ ಹೋದರೆ ತಪ್ಪೇನು? ವ್ಯಾಪಾರ ಬಲ್ಲವರಿಗೆ ಈ ವಾದದ ದೋಷ ಬೇಗನೆ ತಿಳಿಯುತ್ತದೆ. ಹಕ್ಕಿಗಳ ಆ ನಿರ್ಭಯವು ತಲೆಮಾರುಗಳಿಂದ ಊರವರು ಗಳಿಸಿದ ಪತ್ತು. ಹೊಸಬನು ಅದರ ಮೇಲೆ ಸಾಲವೆತ್ತುತ್ತಾನೆ, ತೀರಿಸುವ ಹೊಣೆಯನ್ನು ಮಾತ್ರ ಹೊರುವುದಿಲ್ಲ. ಕೊಡದುದನ್ನು ತೆಗೆದುಕೊಳ್ಳುವುದು ಅದತ್ತಾದಾನವೆಂದು ನಾವು ಪಾಠಶಾಲೆಯಲ್ಲಿಯೇ ಕಲಿತಿಲ್ಲವೆ?

ಹಾನಿಯೂ ಕಲ್ಪನೆಯದಲ್ಲ. ರೆಕ್ಕೆ ಬಿಚ್ಚಿದ ಚಿತ್ರಕ್ಕಾಗಿ ಯಾರೋ ಚಪ್ಪಾಳೆ ತಟ್ಟುತ್ತಾರೆ, ಇಲ್ಲವೆ ಗೂಡಿನ ಮೇಲೆ ಡ್ರೋನ್ ಹಾರಿಸುತ್ತಾರೆ. ತಾಯಿಹಕ್ಕಿ ಮೇಲೇಳುತ್ತದೆ. ಪುಕ್ಕ ಮೂಡದ ಮರಿಗೆ ಬಿಸಿಲಿನಲ್ಲಿ ಇದ್ದುದು ಆ ತಾಯಿಯ ನೆರಳೊಂದೇ. ಗಾಬರಿಗೊಂಡ ಮರಿ ಕೊಂಬೆಯಿಂದ ಕೆಳಗೂ ಬೀಳಬಹುದು. ಅಷ್ಟು ಹೊತ್ತಿಗೆ ಚಿತ್ರ ತೆಗೆದವನು ಕಾರು ಹತ್ತಿರುತ್ತಾನೆ. ಅವನಿಗೆ ಕೊಲ್ಲುವ ಸಂಕಲ್ಪವಿರಲಿಲ್ಲ, ಒಪ್ಪೋಣ. ಆದರೆ ಉಮಾಸ್ವಾಮಿಗಳು ತತ್ತ್ವಾರ್ಥಸೂತ್ರದಲ್ಲಿ ಹಿಂಸೆಯ ಲಕ್ಷಣವನ್ನು ಹೇಳುವಾಗ ಪ್ರಮಾದವನ್ನೇ ಮುಂದಿರಿಸಿದ್ದಾರೆ. ಅಮೃತಚಂದ್ರಸೂರಿಗಳು ಪುರುಷಾರ್ಥಸಿದ್ಧ್ಯುಪಾಯದಲ್ಲಿ ಇನ್ನೂ ಮುಂದೆ ಹೋಗಿ, ಎಚ್ಚರಗೇಡಿಯ ನಡೆಯಲ್ಲಿ ಜೀವಿಯು ಸಾಯದೆ ಉಳಿದರೂ ಹಿಂಸೆ ತಪ್ಪದೆಂಬ ನಿಲುವನ್ನು ತಳೆದಿದ್ದಾರೆ. ಹಾಗಾದರೆ ಮರಿ ಬೀಳಲಿಲ್ಲವೆಂಬ ಸಮಾಧಾನವೂ ಉಳಿಯುವುದಿಲ್ಲ.

ಕೆಳಗೆ ಬಿದ್ದ ಮರಿಗಳನ್ನು ಊರಿನಲ್ಲಿ ಆವರಣ ಕಟ್ಟಿ, ಮೀನು ಹಾಕಿ ಸಾಕಿದ್ದುಂಟು. ಒಂದು ಜೀವಕ್ಕಾಗಿ ಹಲವು ಜೀವ ಎಂಬ ಈ ತೊಡಕು ಅಹಿಂಸಾವ್ರತಿಯನ್ನು ಬಾಧಿಸದೆ ಇರದು. ಅದಕ್ಕೆ ಸುಲಭದ ಉತ್ತರವಿಲ್ಲ. ಆದರೆ ಮರಿಯನ್ನು ಬೀಳಿಸಿದವನು ಬೇರೊಬ್ಬರನ್ನು ಆ ತೊಡಕಿಗೆ ಸಿಲುಕಿಸಿ ಹೋಗುತ್ತಾನೆಂಬುದು ಸ್ಪಷ್ಟ.

ಮುನಿಗಳಿಗೆ ವಿಧಿಸಿದ ಸಮಿತಿಗಳಲ್ಲಿ ಈರ್ಯೆಯು ನಡೆಯುವಾಗಿನ ಎಚ್ಚರ. ಆದಾನ-ನಿಕ್ಷೇಪಣವು ವಸ್ತುವನ್ನು ಎತ್ತಿ ಇಡುವಾಗಿನ ಎಚ್ಚರ. ಕ್ಯಾಮೆರಾದ ಮುಕ್ಕಾಲಿಯನ್ನು ಊರುವ ಗೃಹಸ್ಥನಿಗೆ ಇವೆರಡರ ಅಲ್ಪಾಂಶವಾದರೂ ಸಾಕು. ಬಸದಿಯ ಟ್ರಸ್ಟುಗಳು ಮಕ್ಕಳನ್ನು ಅಲ್ಲಿಗೆ ಕರೆದೊಯ್ಯುವುದಾದರೆ ಬಸ್ಸನ್ನು ಊರ ಹೊರಗೆ ನಿಲ್ಲಿಸಲಿ. ನಡುಹಗಲನ್ನು ಬಿಟ್ಟು ಬೆಳಗ್ಗೆ ಹೋಗಲಿ. ಅಂಗಳಕ್ಕೆ ಕಾಲಿಡುವ ಮುನ್ನ ಮನೆಯವರನ್ನು ಕೇಳಲಿ. ದುರ್ಬೀನು ಒಂದೇ ಇದ್ದರೂ ಸರದಿಯ ಮೇಲೆ ಎಲ್ಲ ಮಕ್ಕಳೂ ನೋಡಬಹುದು.