ಬಿರುಗಾಳಿ ನಿಂತ ಮೇಲೆ

1994ರ ಜನವರಿ 20ರಂದು ಕೆನಡಾದ ಆನಿಕ್ ಇ-1 ಉಪಗ್ರಹ ನಿಲುವು ತಪ್ಪಿ ಗಿರಗಿರನೆ ತಿರುಗತೊಡಗಿತು. ಕೆಲವು ಗಂಟೆಗಳ ಬಳಿಕ ಜೊತೆಯ ಇ-2 ಕೂಡ. ಉತ್ತರದ ಹಿಮದ ಊರುಗಳಲ್ಲಿ ಟಿವಿ ಬರಿದಾಯಿತು, ದೂರವಾಣಿ ಮೂಕವಾಯಿತು. ಇ-1 ಕೆಲವು ಗಂಟೆಗಳಲ್ಲಿ ಸುಧಾರಿಸಿಕೊಂಡಿತು. ಇ-2 ಹತೋಟಿಗೆ ಬರಲು ತಿಂಗಳುಗಳೇ ಹಿಡಿದವು.

ಇದು ಸೂರ್ಯನ ಯಾವುದೋ ಮಹಾಸ್ಫೋಟದ ಫಲವಲ್ಲ. ಹಲವು ದಿನಗಳಿಂದ ಸೌರಮಾರುತ, ಅಂದರೆ ಸೂರ್ಯನಿಂದ ಹೊಮ್ಮುವ ವಿದ್ಯುತ್ಕಣಗಳ ಹರಿವು, ಬಿರುಸಾಗಿ ಬೀಸುತ್ತಿತ್ತು, ಅಷ್ಟೇ. ಸಾಮಾನ್ಯವಾಗಿ ಸೆಕೆಂಡಿಗೆ 400 ಕಿ.ಮೀ. ವೇಗದಲ್ಲಿ ಬರುವ ಈ ಮಾರುತ, ಸೂರ್ಯನ ಹೊರ ವಾತಾವರಣವಾದ ಕರೋನಾದಲ್ಲಿ ರಂಧ್ರ ತೆರೆದಾಗ 700 ದಾಟುವುದುಂಟು. ಭೂಮಿಯ ಕಾಂತಕ್ಷೇತ್ರ ಅದರ ಬಹುಪಾಲನ್ನು ಬದಿಗೆ ಸರಿಸುತ್ತದೆ ನಿಜ, ಆದರೆ ಹೊಡೆತಕ್ಕೆ ಆ ಕ್ಷೇತ್ರವೇ ನಡುಗುತ್ತದೆ. ಇರುಳಿನ ಬದಿಯಿಂದ ಎಲೆಕ್ಟ್ರಾನುಗಳು ಒಳನುಗ್ಗುತ್ತವೆ, ಅವುಗಳಿಂದ ರೇಡಿಯೊ ಅಲೆಗಳು ಏಳುತ್ತವೆ. ಆ ಅಲೆಗಳನ್ನು ಧ್ವನಿಯಾಗಿಸಿ ಕೇಳಿದರೆ ಥೇಟ್ ಮುಂಜಾವಿನ ಹಕ್ಕಿಗಳ ಚಿಲಿಪಿಲಿ! ಆ ಚಿಲಿಪಿಲಿಯೇ, ಉಯ್ಯಾಲೆಯನ್ನು ಸರಿಯಾದ ಗಳಿಗೆಗೆ ತಳ್ಳಿದಂತೆ, ಭೂಮಿಯನ್ನು ಸುತ್ತುವರಿದ ವ್ಯಾನ್ ಅಲೆನ್ ಪಟ್ಟಿಯ ಎಲೆಕ್ಟ್ರಾನುಗಳನ್ನು ಮತ್ತೆ ಮತ್ತೆ ತಳ್ಳಿ ಬೆಳಕಿನ ವೇಗದ ಹತ್ತಿರಕ್ಕೆ ಒಯ್ಯುತ್ತದೆ. 2012ರಲ್ಲಿ ನಾಸಾ ಹಾರಿಸಿದ ಅವಳಿ ನೌಕೆಗಳು ಇದನ್ನು ಪಟ್ಟಿಯೊಳಗೇ ಇದ್ದು ಅಳೆದವು.

ಇಂಥ ಎಲೆಕ್ಟ್ರಾನುಗಳು ಉಪಗ್ರಹದ ಲೋಹದ ಕವಚ ತೂರಿ, ವೈರುಗಳ ಹೊದಿಕೆಯಂಥ ಕಡೆ ಕೂಡಿಕೊಳ್ಳುತ್ತವೆ. ತಾಳಲಾರದಷ್ಟಾದಾಗ ಒಂದು ಪುಟ್ಟ ಸಿಡಿಲು. ಆನಿಕ್‌ಗಳನ್ನು ಕೆಡವಿದ್ದು ಅದೇ.

ಸೌರಬಿರುಗಾಳಿಯ ದಿನ ನಮಗಿರುವ ಕುತೂಹಲ ಮಾರನೆಯ ದಿನಕ್ಕೆ ಉಳಿಯುವುದಿಲ್ಲ. ಇದು ನನಗೆ ಬೇಸರದ ಸಂಗತಿ. 2024ರ ಮೇ ತಿಂಗಳಲ್ಲಿ ಲಡಾಖಿನ ಹಾನ್ಲೆಯ ಆಗಸ ಸೌರಬಿರುಗಾಳಿಗೆ ಕೆಂಪಾದ ಚಿತ್ರವನ್ನು ಹಂಚಿಕೊಂಡೆವು, ಮರೆತೆವು. ಆ ಬಿರುಗಾಳಿ ಹುಟ್ಟಿಸಿದ ಹೊಸ ಎಲೆಕ್ಟ್ರಾನ್ ಪಟ್ಟಿ ಮಾತ್ರ ತಿಂಗಳುಗಟ್ಟಲೆ ಉಳಿಯಿತು. ಹಾಗೆಂದು ಪ್ರತಿ ಬಿರುಗಾಳಿಯೂ ಪಟ್ಟಿಯನ್ನು ತುಂಬುವುದಿಲ್ಲ. ಸುಮಾರು ಕಾಲುಭಾಗದಷ್ಟು ಬಿರುಗಾಳಿಗಳು ಇದ್ದುದನ್ನೂ ಗುಡಿಸಿಹಾಕುತ್ತವೆ. ಯಾವುದು ತುಂಬೀತು, ಯಾವುದು ಗುಡಿಸೀತು ಎಂದು ಮುಂಚೆಯೇ ಹೇಳುವುದು ಇಂದಿಗೂ ಕಷ್ಟ.

ನಮ್ಮ ಸಂಪರ್ಕ ಉಪಗ್ರಹಗಳೂ 36,000 ಕಿ.ಮೀ. ಎತ್ತರದಲ್ಲಿ, ಇದೇ ವ್ಯಾನ್ ಅಲೆನ್ ಪಟ್ಟಿಯ ಹೊರ ಅಂಚಿನಲ್ಲಿ ಸುತ್ತುತ್ತಿವೆ. ಅವನ್ನು ಹಗಲಿರುಳು ಕಾಯುವವರು ಹಾಸನದ ನಿಯಂತ್ರಣ ಕೇಂದ್ರದವರು. ಸೂರ್ಯನತ್ತ 15 ಲಕ್ಷ ಕಿ.ಮೀ. ಆಚೆ ಇರುವ ಆದಿತ್ಯ ಎಲ್-1 ನೌಕೆಯನ್ನು ದಾಟಿದ ಸೌರಮಾರುತ ಸುಮಾರು ಒಂದು ಗಂಟೆಯಲ್ಲಿ ಭೂಮಿಯನ್ನು ಮುಟ್ಟುತ್ತದೆ. ಆದರೆ ಎಲೆಕ್ಟ್ರಾನುಗಳು ಬಲಿಯುವುದು ಅದಾಗಿ ಒಂದೆರಡು ದಿನಗಳ ಮೇಲೆ. ಮುಂದಿನ ಸಲ ಸೌರಬಿರುಗಾಳಿಯ ಸುದ್ದಿ ಕಂಡಾಗ, ಮೂರನೆಯ ದಿನದ ಸುದ್ದಿಯನ್ನೂ ಹುಡುಕಿ ಓದಿ.