ಎಲ್ಲ ಕಾಲದ ತಂಡವೂ ಮಣ್ಣಿನ ಕುಡಿಕೆಯೂ

ಕೈವಾರದ ಸುತ್ತಮುತ್ತ ಕೆರೆ ಒಣಗಿತೆಂದರೆ ಅದರ ಅಂಗಳದಲ್ಲಿ ಟೆನ್ನಿಸ್ ಬಾಲಿನ ಕ್ರಿಕೆಟ್ ಶುರುವಾಗುತ್ತದೆ. ಆಟ ಮುಗಿದ ಮೇಲೆ ಬಂಡೆ ಮೇಲೆ ಕೂತು ನಮ್ಮ ಹುಡುಗರು ಆಡುವ ಇನ್ನೊಂದು ಆಟ ಇದೆ. ಸತ್ತವರು, ಮುದುಕರಾದವರು, ಈಗ ಆಡುತ್ತಿರುವವರು ಎಲ್ಲರನ್ನೂ ಕಲೆಹಾಕಿ ಹನ್ನೊಂದು ಜನರ ತಂಡ ಕಟ್ಟುವುದು. ಕರ್ನಾಟಕದ ಸಾರ್ವಕಾಲಿಕ ತಂಡ ಅಂದರಂತೂ ಜಗಳ ರಾತ್ರಿವರೆಗೆ ಎಳೆಯುತ್ತದೆ. ದ್ರಾವಿಡ್, ವಿಶ್ವನಾಥ್, ಕಿರ್ಮಾನಿ, ಶ್ರೀನಾಥ್, ಕುಂಬ್ಳೆ ಇವರ ಬಗ್ಗೆ ತಕರಾರಿಲ್ಲ. ಪ್ರಸನ್ನನೋ ಚಂದ್ರಶೇಖರನೋ ಅನ್ನುವಲ್ಲಿಗೆ ಬಂದಾಗ ಗಲಾಟೆ. ಇಬ್ಬರೂ ಇರಲಿ ಅಂದರೆ, 1983ರ ವಿಶ್ವಕಪ್ಪಿನಲ್ಲಿ 18 ವಿಕೆಟ್ ಕಿತ್ತ ಬಿನ್ನಿಯನ್ನು ಎಲ್ಲಿ ಕೂರಿಸುವುದು?

ಇದನ್ನು ಬರೀ ಹರಟೆ ಅಂತ ತಳ್ಳಿಹಾಕಲು ನಮಗೆ ಮನಸ್ಸಾಗುವುದಿಲ್ಲ. ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಸ್ಥಿತಿಯಲ್ಲಿ ಬದುಕಿದವರನ್ನು ಒಂದೇ ತಕ್ಕಡಿಯಲ್ಲಿಟ್ಟು ಯಾರು ಮೇಲು ಯಾರು ಕೀಳು ಅಂತ ಹೇಳುವ ಕೆಲಸ ಇದು. ಸಮಾಜ ಇದೇ ಕೆಲಸಕ್ಕೆ ಮೆರಿಟ್ ಎಂದು ಹೆಸರಿಟ್ಟಿದೆ.

ಹುಡುಗರು ಹೇಗೆ ತೂಗುತ್ತಾರೆ ನೋಡಿ. ಚಂದ್ರಶೇಖರ್ 58 ಟೆಸ್ಟುಗಳಲ್ಲಿ 242 ವಿಕೆಟ್ ತೆಗೆದರು, ಕುಂಬ್ಳೆ 132 ಟೆಸ್ಟುಗಳಲ್ಲಿ 619. ಹಾಗಾದರೆ ಕುಂಬ್ಳೆ ಚಂದ್ರಶೇಖರರಿಗಿಂತ ಎರಡೂವರೆ ಪಟ್ಟು ದೊಡ್ಡವರೇ? ಹಾಗೆ ಯಾರೂ ಅನ್ನುವುದಿಲ್ಲ. ಆಗ ಮ್ಯಾಚುಗಳೇ ಕಮ್ಮಿ ಇದ್ದವು ಕಣೋ ಅಂತಾರೆ. ಪೋಲಿಯೋ ಬಡಿದು ಸಣಕಲಾದ ಕೈಯಲ್ಲೇ 1971ರಲ್ಲಿ ಓವಲ್ ಮೈದಾನದಲ್ಲಿ 38 ರನ್ನಿಗೆ 6 ವಿಕೆಟ್ ಕಿತ್ತರಲ್ಲ, ಅದನ್ನು ಯಾವ ಲೆಕ್ಕಕ್ಕೆ ಹಿಡೀತೀಯ ಅಂತ ಕೇಳುತ್ತಾರೆ. ಅಂಕಿಯ ಹಿಂದೆ ಒಬ್ಬ ಮನುಷ್ಯ, ಅವನ ಹಿಂದೆ ಅವನ ಕಾಲ ಇದೆ ಅನ್ನುವುದು ಕ್ರಿಕೆಟ್ಟಿನ ಮಾತು ಬಂದಾಗ ಎಲ್ಲರಿಗೂ ಗೊತ್ತು. (ಮೆಡಿಕಲ್ ಸೀಟಿನ ಮಾತು ಬಂದರೆ ಇದೇ ಜನ ಮಾರ್ಕು ಅಂದರೆ ಮಾರ್ಕು, ಅದರ ಹಿಂದೆ ಮುಂದೆ ಏನೂ ಇಲ್ಲ ಅಂತಾರೆ. ಅದಿರಲಿ.)

ನಮ್ಮ ಪ್ರಶ್ನೆ ಬೇರೆ. ಈ ‘ಎಲ್ಲ ಕಾಲ’ ಯಾವಾಗಿನಿಂದ ಶುರು? ಟೆಸ್ಟು ಅಂದರೆ 1932, ಭಾರತ ಲಾರ್ಡ್ಸಿನಲ್ಲಿ ಮೊದಲ ಟೆಸ್ಟ್ ಆಡಿದ ವರ್ಷ. ರಣಜಿ ಅಂದರೆ 1934. ಆ ವರ್ಷದ ನವೆಂಬರ್ 4ರಂದು ಮದರಾಸಿನಲ್ಲಿ ಮೈಸೂರು ತಂಡ ರಣಜಿಯ ಮೊಟ್ಟಮೊದಲ ಪಂದ್ಯ ಆಡಿತು, ಒಂದೇ ದಿನದಲ್ಲಿ ಸೋತಿತು. ಅದರ ಹಿಂದಿನದ್ದು ನಮ್ಮ ಹುಡುಗರ ಪಾಲಿಗೆ ಕತ್ತಲೆ. ಆ ಕತ್ತಲೆಯಲ್ಲಿ ಒಬ್ಬ ನಿಂತಿದ್ದಾನೆ. ಹೆಸರು ಪಳವಣಕರ ಬಾಲೂ.

ಬಾಲೂ ಹುಟ್ಟಿದ್ದು ಧಾರವಾಡದಲ್ಲಿ, 1870ರ ದಶಕದ ನಡುವೆ. ಕೊಂಕಣದಿಂದ ಬಂದ ಮರಾಠಿ ಮಾತಿನ ಚಮಾರರ ಕುಟುಂಬ. ಧಾರವಾಡದಲ್ಲಿ ಹುಟ್ಟಿದ ಮಾತ್ರಕ್ಕೆ ಕನ್ನಡಿಗನೇ ಅಂತ ಕೇಳುವವರು ಕೇಳಲಿ, ಮನೆಯಲ್ಲಿ ತೆಲುಗು ಆಡುವ ನಮ್ಮ ಕೈವಾರ ಸೀಮೆಯವರಿಗೆ ಆ ಪ್ರಶ್ನೆ ದೊಡ್ಡದಾಗಿ ಕಾಣುವುದಿಲ್ಲ. ಪುಣೆಯಲ್ಲಿ ಬಿಳಿಯರ ಕ್ಲಬ್ಬಿನಲ್ಲಿ ತಿಂಗಳಿಗೆ ನಾಲ್ಕು ರೂಪಾಯಿ ಸಂಬಳ. ಪಿಚ್ಚಿಗೆ ರೋಲರ್ ಎಳೆಯಬೇಕು, ನೆಟ್ ಕಟ್ಟಬೇಕು, ಗೆರೆ ಹಾಕಬೇಕು. ಗ್ರೆಗ್ ಎಂಬ ಇಂಗ್ಲಿಷ್ ಆಟಗಾರನಿಗೆ ಅಭ್ಯಾಸಕ್ಕೆ ಬೌಲ್ ಮಾಡುವವರು ಬೇಕಿತ್ತು, ಬಾಲೂ ಕೈಗೆ ಚೆಂಡು ಬಂತು. ಗಂಟೆಗಟ್ಟಲೆ, ವರ್ಷಗಟ್ಟಲೆ ಬೌಲ್ ಮಾಡಿದ. ಬ್ಯಾಟು ಮಾತ್ರ ಒಂದು ದಿನವೂ ಕೈಗೆ ಬರಲಿಲ್ಲ. ಬ್ಯಾಟು ದೊರೆಗಳದು.

ಬಾಲೂವಿನ ಎಡಗೈ ಸ್ಪಿನ್ನಿನ ಸುದ್ದಿ ಊರಲ್ಲಿ ಹಬ್ಬಿದಾಗ ಪುಣೆಯ ಹಿಂದೂ ತಂಡಕ್ಕೆ ಸಂಕಟ ಹತ್ತಿತು. ಬಿಳಿಯರನ್ನು ಸೋಲಿಸಬೇಕು, ಆದರೆ ಈತ ಅಸ್ಪೃಶ್ಯ. ಕೊನೆಗೆ ಸೇರಿಸಿಕೊಂಡರು. ಮೈದಾನದ ಒಳಗೆ ಬ್ರಾಹ್ಮಣರೂ ಬಾಲೂ ಹಿಡಿದ ಚೆಂಡನ್ನೇ ಹಿಡಿದರು. ಚಹಾದ ಹೊತ್ತಿಗೆ ಅವರು ಒಳಗೆ ಪಿಂಗಾಣಿ ಕಪ್ಪಿನಲ್ಲಿ ಕುಡಿದರು, ಬಾಲೂಗೆ ಹೊರಗೆ, ಬಿಸಾಡುವ ಮಣ್ಣಿನ ಕುಡಿಕೆಯಲ್ಲಿ. ಊಟಕ್ಕೆ ಬೇರೆ ತಟ್ಟೆ, ಬೇರೆ ಜಾಗ. ಗೆಳೆಯರೇ, ಒಂದು ಕ್ಷಣ ಇಲ್ಲಿ ನಿಲ್ಲಿ. ಕ್ರಿಕೆಟ್ ಚೆಂಡು ಅಂದರೆ ಚರ್ಮ. ಉಗುಳು ಹಚ್ಚಿ, ಪ್ಯಾಂಟಿಗೆ ಉಜ್ಜಿ, ಕೈಯಿಂದ ಕೈಗೆ ಎಸೆಯುತ್ತಿದ್ದ ಚರ್ಮ. ಅದಕ್ಕೆ ಮೈಲಿಗೆ ಇಲ್ಲ! ಅದೇ ಚರ್ಮದ ಜಾತಿಯವನು ಮುಟ್ಟಿದ ಕಪ್ಪಿಗೆ ಮೈಲಿಗೆ ಇದೆ! ಗೆಲ್ಲಿಸುವ ಕೈ ಬೇಕು, ಆ ಕೈ ಹಿಡಿದ ಲೋಟ ಬೇಡ. ಬೇರೆ ಲೋಟ ಇಟ್ಟ ಹೋಟೆಲುಗಳನ್ನು ಕಣ್ಣಾರೆ ಕಂಡವರು ನಮ್ಮ ಸೀಮೆಯಲ್ಲಿ ಇನ್ನೂ ಬದುಕಿದ್ದಾರೆ, ಅವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

1911ರಲ್ಲಿ ಪಟಿಯಾಲದ ಮಹಾರಾಜನ ನಾಯಕತ್ವದಲ್ಲಿ ಭಾರತದ ತಂಡ ಇಂಗ್ಲೆಂಡಿಗೆ ಹೋಯಿತು. ಆ ಪ್ರವಾಸದಲ್ಲಿ ಬಾಲೂ 114 ವಿಕೆಟ್ ತೆಗೆದ. ಒಟ್ಟು 33 ಪ್ರಥಮ ದರ್ಜೆ ಪಂದ್ಯಗಳಲ್ಲಿ 179 ವಿಕೆಟ್, ಒಂದೊಂದಕ್ಕೆ ಕೊಟ್ಟದ್ದು 15 ರನ್ನಿನ ಆಸುಪಾಸು. ಟೆಸ್ಟು ಸೊನ್ನೆ, ರಣಜಿ ಸೊನ್ನೆ. ಹಿಂದೂ ತಂಡದ ನಾಯಕತ್ವವನ್ನು ಕೊಡಲೇ ಇಲ್ಲ. 1920ರಲ್ಲಿ ಮತ್ತೆ ಜಾತಿ ಅಡ್ಡ ಬಂದಾಗ ತಮ್ಮಂದಿರಾದ ವಿಠಲ, ಶಿವರಾಮ ತಂಡ ಬಿಟ್ಟು ಹೊರನಡೆದರು. 1923ರಲ್ಲಿ ವಿಠಲ ನಾಯಕನಾದ, ತಂಡವೂ ಗೆದ್ದಿತು. ವೆಸ್ಟ್ ಇಂಡೀಸಿನಲ್ಲಿ ಫ್ರಾಂಕ್ ವೊರೆಲ್ ಎಂಬ ಕರಿಯ ಪೂರ್ತಿ ಸರಣಿಗೆ ನಾಯಕನಾಗಲು 1960ರ ತನಕ ಕಾಯಬೇಕಾಯಿತು.

ಇಷ್ಟು ಹೇಳಿದರೆ ಯಾರಾದರೂ ‘ಆಗಿನ ಕಾಲವೇ ಹಾಗಿತ್ತು ಬಿಡಿ’ ಅನ್ನುತ್ತಾರೆ. ಈ ಮಾತನ್ನು ನಾವು ಸುಮ್ಮನೆ ಬಿಡಬಾರದು. ಆಟಗಾರನ ಕಷ್ಟ ಅಳೆಯುವುದಕ್ಕೆ ಕಾಲವನ್ನು ನೋಡುವುದು ಒಂದು. ಬಾಗಿಲು ಹಾಕಿದವರನ್ನು ಕ್ಷಮಿಸುವುದಕ್ಕೆ ಕಾಲವನ್ನು ಕರೆಯುವುದು ಇನ್ನೊಂದು. ಬಾಲೂವನ್ನು ಸೇರಿಸಿಕೊಳ್ಳಿ ಅಂತ ವಾದಿಸಿದವರು ಅದೇ ಪುಣೆಯಲ್ಲಿ, ಅದೇ ಕಾಲದಲ್ಲಿ ಇದ್ದರು. ಇದು ಅವಮಾನ ಅಂತ ವಿಠಲ, ಶಿವರಾಮ ಹೊರನಡೆದದ್ದೂ ಅದೇ ಕಾಲದಲ್ಲಿ. ನ್ಯಾಯದ ಅಳತೆಗೋಲನ್ನು ನಾವು ಇವತ್ತಿನಿಂದ ಹಿಂದಕ್ಕೆ ಹೊತ್ತುಕೊಂಡು ಹೋಗುತ್ತಿಲ್ಲ, ಅದು ಅಲ್ಲೇ ಬಿದ್ದಿತ್ತು. ಅಲ್ಲದೆ ‘ಆಗಿನ ಕಾಲ’ ಮುಗಿದದ್ದು ಯಾವಾಗ? ನಮ್ಮ ಚಿಂತಾಮಣಿ ತಾಲ್ಲೂಕಿನ ಕಂಬಾಲಪಲ್ಲಿಯಲ್ಲಿ ಏಳು ಜನ ದಲಿತರನ್ನು ಜೀವಂತ ಸುಟ್ಟದ್ದು 2000ದ ಮಾರ್ಚ್ 11ರಂದು.

ಇನ್ನೊಂದು ಸಂಗತಿ. ಅಮೆರಿಕದಲ್ಲಿ ಬೇಸ್‌ಬಾಲ್ ಎಂಬ ಆಟ ಇದೆ. 1947ರವರೆಗೆ ಅದರ ದೊಡ್ಡ ಲೀಗುಗಳು ಕರಿಯರಿಗೆ ಬಾಗಿಲು ಹಾಕಿದ್ದವು, ಅವರು ತಮ್ಮದೇ ಲೀಗುಗಳಲ್ಲಿ ಆಡಿಕೊಂಡರು. 2024ರಲ್ಲಿ ಆ ಲೀಗುಗಳ ಲೆಕ್ಕವನ್ನೂ ಅಧಿಕೃತ ದಾಖಲೆಗೆ ಸೇರಿಸಿದರು. ಬಹುಕಾಲ ಮೊದಲನೆಯವನಾಗಿದ್ದ ಟೈ ಕಾಬ್‌ನ 0.367 ಸರಾಸರಿಯನ್ನು ದಾಟಿ, ಜಾಶ್ ಗಿಬ್ಸನ್ ಎಂಬ ಕರಿಯನ 0.372 ಮೇಲೆ ಬಂತು. ಗಿಬ್ಸನ್ ಸತ್ತು ಎಪ್ಪತ್ತೇಳು ವರ್ಷ ಆಗಿತ್ತು. ಇದಕ್ಕಿಂತ ದೊಡ್ಡ ವಿಷಯ ಇನ್ನೊಂದು ಇದೆ ಅನ್ನಿಸುತ್ತದೆ. ಕರಿಯರ ಒಳ್ಳೆಯ ಬೌಲರುಗಳನ್ನು ಲೀಗಿನೊಳಗೆ ಒಮ್ಮೆಯೂ ಎದುರಿಸದೆ ಕಟ್ಟಿದ ಕಾಬ್‌ನ ಅಂಕಿಯ ತೂಕ ಎಷ್ಟು? ಬಾಗಿಲು ಹಾಕಿದಾಗ ಹೊರಗಿನವನ ಅಂಕಿ ಮಾತ್ರ ಕಳೆದುಹೋಗುವುದಿಲ್ಲ, ಒಳಗಿನವನ ಅಂಕಿಯೂ ಸಂಶಯಕ್ಕೆ ಬೀಳುತ್ತದೆ. ಅರ್ಧ ಊರನ್ನು ಹೊರಗಿಟ್ಟು ಗೆದ್ದವನಿಗೆ ತಾನು ನಿಜವಾಗಿ ಗೆದ್ದೆನೋ ಇಲ್ಲವೋ ಅಂತ ಸಾಯುವ ತನಕ ಗೊತ್ತಾಗುವ ದಾರಿಯಿಲ್ಲ. ಮೆರಿಟ್ ಮೆರಿಟ್ ಅಂತ ಎದೆ ತಟ್ಟುವವರು ಇದನ್ನು ಯೋಚಿಸಿದ್ದಾರೆಯೇ?

ನಮ್ಮ ಗೆಳೆಯರಲ್ಲೇ ಕೆಲವರು, ಹಾಗಿದ್ದರೆ ತಂಡದಲ್ಲಿ ಒಂದು ಜಾಗ ಖಾಲಿ ಬಿಡೋಣ, ಬಾಗಿಲ ಹೊರಗೇ ಉಳಿದವರ ನೆನಪಿಗೆ ಅಂತ ಸೂಚಿಸಿದ್ದಾರೆ. ಭೀಮ ಬಕಾಸುರನನ್ನು ಕೊಂದ ಏಕಚಕ್ರಪುರ ಕೈವಾರವೇ ಅಂತ ಪ್ರತೀತಿ. ಭೀಮನ ಹೆಸರಿಗೆ ಗುಡಿ ಇದೆ. ಅವನು ಬರುವುದಕ್ಕೆ ಮುಂಚೆ ಸರದಿ ಪ್ರಕಾರ ಅನ್ನದ ಬಂಡಿ ಹೊಡೆದುಕೊಂಡು ಹೋಗಿ ರಾಕ್ಷಸನ ಬಾಯಿಗೆ ಬಿದ್ದವರ ಹೆಸರು ಒಂದೂ ಉಳಿದಿಲ್ಲ. ಆದ್ದರಿಂದ ಈ ಸೂಚನೆಯ ಹಿಂದಿನ ನೋವು ನಮಗೆ ಅರ್ಥವಾಗುತ್ತದೆ. ಆದರೂ ಒಪ್ಪುವುದಿಲ್ಲ. ಖಾಲಿ ಜಾಗ ಫೀಲ್ಡಿಂಗ್ ಮಾಡುವುದಿಲ್ಲ. ಬಾಲೂ ನೆನಪಿಗಾಗಿ ಬರುವವನಲ್ಲ, ಕರುಣೆಗಾಗಿ ಅಂತೂ ಅಲ್ಲವೇ ಅಲ್ಲ. 179 ವಿಕೆಟ್ ಕಿತ್ತು ಬರುವವನು.

ಇನ್ನು ನಮ್ಮವರಿಗೇ ಕಷ್ಟವಾಗುವ ಮಾತು. 1932ರ ಪೂನಾ ಒಪ್ಪಂದಕ್ಕೆ ಬಾಲೂ ಸಹಿ ಹಾಕಿದ್ದ. 1937ರ ಮುಂಬಯಿ ಚುನಾವಣೆಯಲ್ಲಿ ಕಾಂಗ್ರೆಸ್ ಟಿಕೆಟ್ಟಿನ ಮೇಲೆ ಬಾಬಾಸಾಹೇಬರ ವಿರುದ್ಧವೇ ನಿಂತು ಸೋತ. ಅಂಥವನನ್ನು ನಮ್ಮ ತಂಡಕ್ಕೆ ಯಾಕೆ ಸೇರಿಸಬೇಕು ಅಂತ ಸಿಟ್ಟಿನಿಂದ ಕೇಳುವವರಿದ್ದಾರೆ. ಆ ರಾಜಕೀಯವನ್ನು ನಾವೂ ಒಪ್ಪುವುದಿಲ್ಲ. ಆದರೆ ಮೈದಾನದ ಹೊರಗಿನ ಕಾರಣ ತಂದು ಮೈದಾನದ ಒಳಗಿನ ಜಾಗ ಕಿತ್ತುಕೊಳ್ಳುವ ಕೆಲಸ ಬಾಲೂಗೆ ಒಂದು ಸಲ ಆಗಿದೆ. ಎರಡನೇ ಸಲ ನಮ್ಮ ಕೈಯಿಂದ ಆಗುವುದು ಬೇಡ.

ಹಾಗಾಗಿ ಬಾಲೂ ತಂಡದಲ್ಲಿದ್ದಾನೆ. ಪ್ರಸನ್ನ, ಚಂದ್ರಶೇಖರ್, ಕುಂಬ್ಳೆ ಜೊತೆ ನಾಲ್ಕನೇ ಸ್ಪಿನ್ನರ್, ಅವರಲ್ಲಿ ಎಡಗೈ ಈತನೊಬ್ಬನದೇ. ಬಿನ್ನಿ ಹನ್ನೆರಡನೆಯವನು. ಎಷ್ಟನೇ ನಂಬರಿನಲ್ಲಿ ಬ್ಯಾಟಿಂಗಿಗೆ ಇಳಿಸುವುದು ಅನ್ನುವುದು ಇನ್ನೂ ತೀರ್ಮಾನವಾಗಿಲ್ಲ. ಒಂಬತ್ತು ಅಂತ ಕೆಲವರು, ಹನ್ನೊಂದು ಅಂತ ಕೆಲವರು. ಪುಣೆಯ ನೆಟ್ಟಿನಲ್ಲಿ ಒಂದು ದಿನವಾದರೂ ಆ ಕೈಗೆ ಬ್ಯಾಟು ಕೊಟ್ಟಿದ್ದರೆ ಈ ಜಗಳ ಎಷ್ಟನೇ ನಂಬರಿನ ಸುತ್ತ ನಡೆಯುತ್ತಿತ್ತೋ.