ಭೌತವಿಜ್ಞಾನದ ಮೊದಲ ತರಗತಿ ಮತ್ತು ಪ್ರಮಾಣದ ಪ್ರಶ್ನೆ

ವಿಶ್ವವಿದ್ಯಾಲಯವೊಂದು ಮೊದಲ ವರ್ಷದ ಭೌತವಿಜ್ಞಾನದ ಪಠ್ಯಕ್ರಮವನ್ನು ಪರಿಷ್ಕರಿಸಲು ಹೊರಟಾಗ ಸಮಿತಿಯ ಮುಂದೆ ಬರುವುದು ಯಾವ ಅಧ್ಯಾಯವನ್ನು ಉಳಿಸಬೇಕು, ಯಾವುದನ್ನು ಕೈಬಿಡಬೇಕು, ಪ್ರಯೋಗಶಾಲೆಗೆ ಎಷ್ಟು ಗಂಟೆ ಕೊಡಬೇಕು ಎಂಬ ಲೆಕ್ಕಾಚಾರ. ಆದರೆ ಆ ಲೆಕ್ಕಾಚಾರದ ತಳದಲ್ಲಿರುವುದು ಜ್ಞಾನಮೀಮಾಂಸೆಯ, ಎಂದರೆ ತಿಳಿವು ಹೇಗೆ ಹುಟ್ಟುತ್ತದೆ ಮತ್ತು ಯಾವುದರಿಂದ ಸಿಂಧುವಾಗುತ್ತದೆ ಎಂದು ವಿಚಾರಿಸುವ ಶಾಸ್ತ್ರದ, ಬಹು ಹಳೆಯ ಪ್ರಶ್ನೆ. ನ್ಯೂಟನ್ನನ ನಿಯಮವನ್ನು ಅಧ್ಯಾಪಕರ ಮಾತಿನ ಮೇಲೆ ಒಪ್ಪಿ, ಅದನ್ನು ಸೂತ್ರವಾಗಿ ಬಳಸಿ ಸರಿಯಾದ ಉತ್ತರ ಬರೆದ ವಿದ್ಯಾರ್ಥಿಗೆ ಆ ನಿಯಮ ತಿಳಿದಿದೆ ಎನ್ನಬಹುದೇ?

ಕಳೆದ ಶತಮಾನದ ಅತ್ಯಂತ ಪ್ರಸಿದ್ಧ ಪರಿಷ್ಕರಣೆ ಈ ಪ್ರಶ್ನೆಯನ್ನು ನೇರವಾಗಿ ಎತ್ತಿಕೊಳ್ಳಲಿಲ್ಲ. 1961ರಿಂದ 1963ರವರೆಗೆ ಅಮೆರಿಕದ ಕ್ಯಾಲ್‌ಟೆಕ್ ಸಂಸ್ಥೆಯಲ್ಲಿ ರಿಚರ್ಡ್ ಫೈನ್‌ಮನ್ ನೀಡಿದ ಉಪನ್ಯಾಸಗಳ ಉದ್ದೇಶ, ಸಾಪೇಕ್ಷತೆ ಮತ್ತು ಕ್ವಾಂಟಮ್ ಸಿದ್ಧಾಂತಗಳ ಆಕರ್ಷಣೆಯಿಂದ ಬಂದ ವಿದ್ಯಾರ್ಥಿಗಳು ಎರಡು ವರ್ಷ ಇಳಿಜಾರು ಹಲಗೆಗಳ ಲೆಕ್ಕದಲ್ಲೇ ಉತ್ಸಾಹ ಕಳೆದುಕೊಳ್ಳದಂತೆ ನೋಡಿಕೊಳ್ಳುವುದಾಗಿತ್ತು. ಆ ಉಪನ್ಯಾಸಗಳ ಸೊಬಗು ಇಂದಿಗೂ ಮಾಸಿಲ್ಲ. ಆದರೂ ಅವುಗಳ ಮುನ್ನುಡಿಯಲ್ಲಿ ಫೈನ್‌ಮನ್ ಅವರೇ, ಬಹುಪಾಲು ವಿದ್ಯಾರ್ಥಿಗಳ ದೃಷ್ಟಿಯಿಂದ ಈ ಪ್ರಯತ್ನ ಅಷ್ಟು ಫಲಿಸಲಿಲ್ಲವೆಂಬ ಅನುಮಾನವನ್ನು ತೋಡಿಕೊಂಡು, ವಿದ್ಯಾರ್ಥಿಯೂ ಅಧ್ಯಾಪಕನೂ ನೇರವಾಗಿ ಚರ್ಚಿಸುವಲ್ಲಿಯೇ ಉತ್ತಮ ಬೋಧನೆ ಸಾಧ್ಯವೆಂದು ಸೂಚಿಸಿದ್ದಾರೆ.

ಅನುಮಾನಕ್ಕೆ ಪುರಾವೆ ಒದಗಿದ್ದು ಎರಡು ದಶಕಗಳ ನಂತರ. ಅರಿಜೋನಾ ಸ್ಟೇಟ್ ವಿಶ್ವವಿದ್ಯಾಲಯದ ಇಬ್ರಾಹಿಂ ಹಲೂನ್ ಮತ್ತು ಡೇವಿಡ್ ಹೆಸ್ಟೆನಿಸ್ 1985ರಲ್ಲಿ ಪ್ರಕಟಿಸಿದ ಅಧ್ಯಯನವೂ, ಅದರಿಂದ ಬೆಳೆದು 1992ರಲ್ಲಿ ರೂಪುಗೊಂಡ ಬಲದ ಪರಿಕಲ್ಪನೆಯ ಪರೀಕ್ಷೆಯೂ, ಲೆಕ್ಕವೇ ಇಲ್ಲದ ಸರಳ ಪ್ರಶ್ನೆಗಳ ಮೂಲಕ ವಿದ್ಯಾರ್ಥಿಗಳ ಮನಸ್ಸಿನಲ್ಲಿ ನಿಜವಾಗಿ ನೆಲೆಸಿರುವ ನಂಬಿಕೆಯನ್ನು ಹೊರಗೆಳೆದವು. ಭಾರವಾದ ಲಾರಿಯೊಂದು ಸಣ್ಣ ಕಾರಿಗೆ ಡಿಕ್ಕಿ ಹೊಡೆದರೆ ಯಾವುದು ಯಾವುದರ ಮೇಲೆ ಹೆಚ್ಚು ಬಲ ಹಾಕುತ್ತದೆ ಎಂದು ಕೇಳಿದಾಗ, ಕ್ರಿಯೆ-ಪ್ರತಿಕ್ರಿಯೆಗಳು ಸಮವೆಂಬ ನಿಯಮವನ್ನು ಬಾಯಿಪಾಠ ಒಪ್ಪಿಸಬಲ್ಲವರೇ ಲಾರಿಯತ್ತ ಬೆರಳು ತೋರಿದರು. ಹಾರ್ವರ್ಡ್‌ನ ಎರಿಕ್ ಮಜೂರ್ ಇಂಥ ಪರೀಕ್ಷೆಯನ್ನು ತಮ್ಮ ತರಗತಿಗೆ ಕೊಟ್ಟಾಗ ವಿದ್ಯಾರ್ಥಿಯೊಬ್ಬರು, ನೀವು ಕಲಿಸಿದಂತೆ ಉತ್ತರಿಸಬೇಕೋ ಅಥವಾ ನನಗೆ ಸಹಜವಾಗಿ ತೋಚುವಂತೆಯೋ ಎಂದು ಕೇಳಿದ ಸಂಗತಿ ಶಿಕ್ಷಣ ವಲಯದಲ್ಲಿ ಚಿರಪರಿಚಿತ. ಪಠ್ಯಕ್ರಮದ ವಿಮರ್ಶೆಯಾಗಿ ಇದಕ್ಕಿಂತ ಆಳವಾದ ಪ್ರಶ್ನೆಯನ್ನು ಯಾವ ಸಮಿತಿಯೂ ಕೇಳಿರಲಾರದು, ಏಕೆಂದರೆ ಒಂದೇ ಮನಸ್ಸಿನಲ್ಲಿ ಒಪ್ಪಿಸುವ ಸತ್ಯವೂ ನಂಬುವ ಸತ್ಯವೂ ಪರಸ್ಪರ ಎದುರಾಗದೆ ಬಾಳುತ್ತಿದ್ದವೆಂಬುದನ್ನು ಅದು ಬಯಲಿಗೆ ತಂದಿತು.

ಆ ಸಹಜ ನಂಬಿಕೆಯನ್ನು ಅಜ್ಞಾನವೆಂದು ತಳ್ಳಿಹಾಕುವುದು ನ್ಯಾಯವಲ್ಲ. ಮೇಲಕ್ಕೆಸೆದ ಕಲ್ಲಿನಲ್ಲಿ ಕೈಯಿಂದ ಬಂದ ಬಲ ಉಳಿದಿದ್ದು ಕ್ರಮೇಣ ಕರಗುತ್ತದೆ ಎಂದು ಅನೇಕ ವಿದ್ಯಾರ್ಥಿಗಳು ಭಾವಿಸುತ್ತಾರೆ. ಗಾಳಿಯ ತಡೆಯನ್ನು ಬಿಟ್ಟರೆ ಕೈಬಿಟ್ಟ ಕ್ಷಣದಿಂದ ಕಲ್ಲಿನ ಮೇಲಿರುವುದು ಗುರುತ್ವವೊಂದೇ ಎಂಬುದು ನ್ಯೂಟನ್ನನ ನಿಲುವು. ಆದರೆ ಕಣಾದನ ವೈಶೇಷಿಕ ಸೂತ್ರಗಳು ಬಾಣದ ಮೊದಲ ಚಲನೆಗೆ ನೋದನ, ಎಂದರೆ ತಳ್ಳುವಿಕೆ, ಕಾರಣವೆಂದೂ, ಮುಂದಿನ ಚಲನೆಗೆ ಬಾಣದಲ್ಲೇ ಹುಟ್ಟಿದ ಸಂಸ್ಕಾರ ಕಾರಣವೆಂದೂ, ಆ ಸಂಸ್ಕಾರ ಇಲ್ಲವಾದಾಗ ಗುರುತ್ವದಿಂದ ಅದು ಬೀಳುತ್ತದೆಂದೂ ಹೇಳುತ್ತವೆ. ಆರನೆಯ ಶತಮಾನದ ಅಲೆಕ್ಸಾಂಡ್ರಿಯದ ಫಿಲೋಪೋನಸ್, ಹದಿನಾಲ್ಕನೆಯ ಶತಮಾನದ ಪ್ಯಾರಿಸ್ಸಿನ ಬ್ಯೂರಿಡಾನ್ ಇದಕ್ಕೆ ಹತ್ತಿರವಾದ ವಿವರಣೆಯನ್ನೇ ಕೊಟ್ಟರು. ಇಷ್ಟು ದೊಡ್ಡ ಮನಸ್ಸುಗಳು ತಲುಪಿದ ನೆಲೆಯಲ್ಲಿ ಹದಿನೆಂಟರ ಹುಡುಗಿಯೊಬ್ಬಳು ತಾನಾಗಿ ನಿಂತಿದ್ದರೆ, ಅವಳೊಂದಿಗೆ ವಾದಿಸಬೇಕಾದ್ದು ಶಾಸ್ತ್ರದ ಕರ್ತವ್ಯ. ಕೆಂಪು ಶಾಯಿಯ ಗೆರೆ ವಾದವಾಗುವುದಿಲ್ಲ.

ಇಲ್ಲಿ ಒಂದು ಗಂಭೀರ ಆಕ್ಷೇಪ ಏಳುತ್ತದೆ. ಇಲೆಕ್ಟ್ರಾನಿನ ದ್ರವ್ಯರಾಶಿಯನ್ನು ಪ್ರತಿ ವಿದ್ಯಾರ್ಥಿಯೂ ಅಳೆದು ನೋಡಲಾಗದು. ವಿಜ್ಞಾನದ ಬಹುಭಾಗ ಕೇಳಿ ನಂಬಿದ್ದೇ ಆಗಿರುತ್ತದೆ. ಭಾರತೀಯ ದರ್ಶನಗಳಿಗೆ ಈ ತೊಡಕು ಹೊಸತಲ್ಲ. ನೈಯಾಯಿಕರು ಆಪ್ತನ, ಎಂದರೆ ವಿಷಯವನ್ನು ಸ್ವತಃ ಅರಿತು ಇದ್ದಂತೆ ಹೇಳುವವನ, ಮಾತನ್ನು ಶಬ್ದವೆಂಬ ಸ್ವತಂತ್ರ ಪ್ರಮಾಣವಾಗಿ, ಎಂದರೆ ತಿಳಿವಿನ ಸಾಧನವಾಗಿ, ಒಪ್ಪಿದರೆ, ವೈಶೇಷಿಕರು ಅದನ್ನು ಅನುಮಾನದೊಳಗೆ, ಎಂದರೆ ಹೇತುವಿನಿಂದ ತರ್ಕಿಸಿ ಅರಿಯುವ ಪ್ರಮಾಣದೊಳಗೆ, ಸೇರಿಸಿ, ಹೇಳುವವನ ಮಾತು ನಂಬಲರ್ಹವೆಂಬುದಕ್ಕೂ ಹೇತು ಬೇಕೆಂದರು. ಮೊದಲ ವರ್ಷದ ತರಗತಿಯ ಮಟ್ಟಿಗೆ ವೈಶೇಷಿಕರ ಪಕ್ಷವೇ ಹೆಚ್ಚು ಸಮಂಜಸ. ಬೀಳುವ, ಉರುಳುವ, ಡಿಕ್ಕಿಯಾಗುವ ವಸ್ತುಗಳ ವಿಷಯದಲ್ಲಿ ವಿದ್ಯಾರ್ಥಿ ತನ್ನ ತರ್ಕ ಮತ್ತು ಪ್ರಯೋಗದಿಂದಲೇ ಮನವರಿಕೆ ಪಡೆಯಬಲ್ಲ. ಅಲ್ಲಿಯೂ ಅವನನ್ನು ಬರಿಯ ನಂಬಿಕೆಗೆ ಒಪ್ಪಿಸಿಬಿಟ್ಟರೆ, ಕಾಣದ ಇಲೆಕ್ಟ್ರಾನಿನ ಬಗ್ಗೆ ಭೌತವಿಜ್ಞಾನಿಯ ಮಾತನ್ನು ಏಕೆ ನಂಬಬೇಕೆಂಬುದಕ್ಕೆ ಅವನ ಬಳಿ ಯಾವ ಹೇತುವೂ ಉಳಿಯುವುದಿಲ್ಲ.

ಇಂಥ ಮನವರಿಕೆಗೆ ಎಡೆಮಾಡಲು ಮಜೂರ್ ರೂಪಿಸಿದ ಕ್ರಮದಲ್ಲಿ ಅಧ್ಯಾಪಕರು ಚಿಕ್ಕ ವಿವರಣೆಯ ನಂತರ ಪರಿಕಲ್ಪನೆಯ ಪ್ರಶ್ನೆಯೊಂದನ್ನು ಇಡುತ್ತಾರೆ. ಪ್ರತಿಯೊಬ್ಬರೂ ಮೊದಲು ಒಂಟಿಯಾಗಿ ಉತ್ತರಿಸಿ, ಬಳಿಕ ಪಕ್ಕದವರನ್ನು ಒಪ್ಪಿಸಲು ಯತ್ನಿಸಿ, ಮತ್ತೊಮ್ಮೆ ಉತ್ತರಿಸುತ್ತಾರೆ. ವೇದಾಂತದ ಪರಿಭಾಷೆಯಲ್ಲಿ ಹೇಳುವುದಾದರೆ ಶ್ರವಣಕ್ಕೆ ಮೀಸಲಾಗಿದ್ದ ಗಂಟೆಯೊಳಗೆ ಮನನಕ್ಕೆ, ಅಂದರೆ ಕೇಳಿದ್ದರ ಬಗೆಗಿನ ಸಂಶಯಗಳನ್ನು ಯುಕ್ತಿಯಿಂದ ಕಳೆದುಕೊಳ್ಳುವ ಕೆಲಸಕ್ಕೆ, ಜಾಗ ಸಿಗುತ್ತದೆ; ಉಪನಿಷತ್ತಿನ ಋಷಿಗಳು ಭೌತವಿಜ್ಞಾನದ ಬೋಧನೆಯನ್ನು ಮುಂಗಂಡಿದ್ದರೆಂದು ಇದರಿಂದ ಸಾಧಿಸಹೊರಡುವುದು ಇಬ್ಬರಿಗೂ ಬಗೆದ ಅನ್ಯಾಯ. ಇಂಥ ಕ್ರಮದ ಫಲಕ್ಕೆ ಅಂಕಿಅಂಶವೂ ಇದೆ: ಸಂಶೋಧಕ ರಿಚರ್ಡ್ ಹೇಕ್ 1998ರಲ್ಲಿ 62 ಕೋರ್ಸುಗಳ 6,542 ವಿದ್ಯಾರ್ಥಿಗಳು ಇಂಥ ಪರಿಕಲ್ಪನೆಯ ಪರೀಕ್ಷೆಗಳಲ್ಲಿ ಪಡೆದ ಅಂಕಗಳನ್ನು ಪರಿಶೀಲಿಸಿ, ಆರಂಭದಲ್ಲಿ ತಿಳಿಯದೆ ಉಳಿದಿದ್ದರ ಎಷ್ಟು ಪಾಲನ್ನು ವಿದ್ಯಾರ್ಥಿಗಳು ಗಳಿಸಿದರೆಂದು ಅಳೆದಾಗ, ಸಾಂಪ್ರದಾಯಿಕ ಉಪನ್ಯಾಸಗಳಲ್ಲಿ ಸರಾಸರಿ 0.23, ಚರ್ಚೆಗೆ ಎಡೆಯಿದ್ದ ತರಗತಿಗಳಲ್ಲಿ 0.48 ಬಂದಿತು.

ಇದಕ್ಕೆ ತೆರಬೇಕಾದ ಬೆಲೆಯೂ ಇದೆ. ಚರ್ಚೆ ಸಮಯವನ್ನು ನುಂಗುತ್ತದೆ, ಕೆಲವು ಅಧ್ಯಾಯಗಳನ್ನು ವಿದ್ಯಾರ್ಥಿಗಳ ಸ್ವಂತ ಓದಿಗೆ ಬಿಡಬೇಕಾಗುತ್ತದೆ, ಮತ್ತು ವಿಷಯ ಮುಗಿಸುವುದೇ ಧರ್ಮವೆಂದು ತಿಳಿದ ವಿಭಾಗಗಳು ಇದನ್ನು ನಷ್ಟವೆಂದೇ ಬಗೆಯುತ್ತವೆ. ಆದರೆ ಹೇಳಿಕೆಯನ್ನು ಹೊತ್ತು ತರುವ ಕೆಲಸವನ್ನು ಪುಸ್ತಕ ಚೆನ್ನಾಗಿಯೇ ಮಾಡುತ್ತದೆ. ಲಾರಿಯೇ ಹೆಚ್ಚು ಬಲ ಹಾಕುತ್ತದೆಂದು ಪ್ರಾಮಾಣಿಕವಾಗಿ ನಂಬಿದವನ ಎದುರು ಕುಳಿತು ಅವನ ಕಾರಣಗಳನ್ನು ಕೇಳುವ ಕೆಲಸ ಪುಸ್ತಕದಿಂದಾಗದು, ಆದ್ದರಿಂದ ತರಗತಿಯ ಸೀಮಿತ ಗಂಟೆಗಳು ಮೊದಲು ಸಲ್ಲಬೇಕಾದ್ದು ಅದಕ್ಕೆ.